ಸೊನ್ನೆ ಅಕ್ಕ ಮತ್ತು ನೀಲಿ ಬಕೆಟ್

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರೋ ಅಕ್ಕನ ತಾಯಿಯವರಿಗೆ, ಅವರ ಕೈ ಹಿಡ್ಕೊಂಡು ಕೂತಿರೋ ಅಕ್ಕನ ಮಗಳಿಗೆ, ಅಕ್ಕನ ಯಜಮಾನರಿಗೆ, ನಮ್ಮ ಆಫೀಸಿನ ಹಿರಿಯರಿಗೆ, ಬೇರೆ ಬೇರೆ ಕಂಪನಿಗಳಿಂದ ಕೆಲಸ ಬಿಟ್ಟು ಬಂದಿರೋ ನಿಮಗೆಲ್ಲ — ನಮಸ್ಕಾರ.

ಅಮ್ಮನಿಗೆ ಎಡಗಿವಿ ಅಷ್ಟಾಗಿ ಕೇಳಲ್ಲ. ಅದಕ್ಕೆ ನಾನು ಸ್ವಲ್ಪ ಜೋರಾಗಿ ಮಾತಾಡ್ತೀನಿ. ಬೈತಿದ್ದಾನೆ ಅಂತ ಯಾರೂ ತಿಳ್ಕೋಬೇಡಿ. — ಆಮೇಲೆ ಬೈಯಬಹುದು. ಆಗ ಬೈತಿದ್ದಾನೆ ಅಂತಲೇ ತಿಳ್ಕೊಳ್ಳಿ.

ನನಗೆ ಇಲ್ಲಿ ಬಂದು ನಿಂತ್ಕೊಂಡು ಏನು ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ. ಇಪ್ಪತ್ಮೂರು ದಿನ ಆಯ್ತು. ಇಪ್ಪತ್ಮೂರು ದಿನದಿಂದ ಬೆಳಗ್ಗೆ ಆಫೀಸಿಗೆ ಹೋಗ್ತೀನಿ, ನನ್ನ ಮೇಜಿನ ಎದುರಿಗೆ ಇರೋ ಮೇಜು ನೋಡ್ತೀನಿ, ಅಲ್ಲಿ ಕನ್ನಡಕದ ಡಬ್ಬಿ ಇದೆ, ಕನ್ನಡಕ ಇಲ್ಲ, ಅಕ್ಕ ಇಲ್ಲ. ಹನ್ನೊಂದು ವರ್ಷ ಎದುರುಬದುರು ಕೂತಿದ್ವಿ. ಯಾರಾದರೂ ನನ್ನನ್ನ ಅಲುಗಾಡಿಸಿ, "ಏ, ಏಳಯ್ಯ, ಕನಸು ಕಂಡಿದ್ದು ಸಾಕು" ಅಂತ ಅಂದ್ರೆ, ನಿಜವಾಗ್ಲೂ ಅವರ ಕಾಲಿಗೆ ಬೀಳ್ತೀನಿ. — ಯಾರೂ ಅನ್ನಲ್ಲ.

ನಮ್ಮ ಕೆಲಸ ಏನು ಅಂತ ಇಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಅಕ್ಕನ ಬೀದಿಯವರು ಬಂದಿದ್ದೀರಿ, ಅವರ ಯಜಮಾನರ ಗಡಿಯಾರದ ಅಂಗಡಿ ಸಾಲಿನವರು ಬಂದಿದ್ದೀರಿ. ನಿಮಗೆ ಹೇಳ್ತೀನಿ. ಷೇರುಪೇಟೆಯಲ್ಲಿ ಹೆಸರಿರೋ ಕಂಪನಿಗಳು ಪ್ರತಿ ವರ್ಷ ಒಂದು ವರದಿ ಕೊಡಬೇಕು. ಎಷ್ಟು ಲಾಭ ಬಂತು ಅನ್ನೋ ವರದಿ ಅಲ್ಲ, ಅದು ಬೇರೆ. ಇದು — ನೆಲದಿಂದ ಎಷ್ಟು ನೀರು ಎತ್ತಿದ್ರಿ, ಎಷ್ಟು ಹೊಗೆ ಬಿಟ್ರಿ, ಕಸ ಎಲ್ಲಿ ಹಾಕಿದ್ರಿ, ಕೆಲಸ ಮಾಡುವಾಗ ಎಷ್ಟು ಜನರಿಗೆ ಪೆಟ್ಟಾಯ್ತು, ಎಷ್ಟು ಜನ — ಎಷ್ಟು ಜನ ಸತ್ರು. ಇದಕ್ಕೆ ಸುಸ್ಥಿರತಾ ವರದಿ ಅಂತಾರೆ. ನೂರಾ ನಲವತ್ತು ಚೌಕ ಇರೋ ಒಂದು ದೊಡ್ಡ ಪಟ್ಟಿ. ಕಂಪನಿಯವರು ತುಂಬ್ತಾರೆ. ತುಂಬಿದ್ದು ನಿಜವೋ ಸುಳ್ಳೋ ಅಂತ ನೋಡಿ ಸಹಿ ಹಾಕೋದು ನಮ್ಮಂಥವರು. ಚಪ್ಪಲಿ ಅಂಗಡಿ ಮೇಲಿನ ಮೂರನೇ ಮಹಡಿಯಲ್ಲಿ ಕೂತಿರೋ ಎಂಟು ಜನ. ಈಗ ಏಳು.

ಅಕ್ಕನಿಗೆ ನಾವು ಇಟ್ಟಿದ್ದ ಹೆಸರು — ಅಮ್ಮ ಕ್ಷಮಿಸಬೇಕು — ಸೊನ್ನೆ ಅಕ್ಕ. ಎದುರಿಗೇ ಕರೀತಿದ್ವಿ. ಫೋನಿನಲ್ಲಿ ಕಂಪನಿಯವರೂ ಬಾಯಿತಪ್ಪಿ "ಸೊನ್ನೆ ಮೇಡಂ ಇದ್ದಾರಾ" ಅಂತ ಕೇಳಿ, ನಾಲಿಗೆ ಕಚ್ಚಿಕೊಂಡದ್ದುಂಟು. ಅವರು ನಕ್ಕು, "ಇದ್ದೀನಿ ಹೇಳಪ್ಪ" ಅಂತಿದ್ರು.

ಯಾಕೆ ಆ ಹೆಸರು ಅಂದ್ರೆ, ಪಟ್ಟಿಯಲ್ಲಿ ಎಲ್ಲಿ ಸೊನ್ನೆ ಕಂಡರೂ ಅಕ್ಕನ ಕೆಂಪು ಪೆನ್ನು ಅಲ್ಲಿ ನಿಲ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲನೇ ವಾರ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ಟಿದ್ದು ಒಂದೇ ಪಾಠ. ಒಂದು ಹಾಳೆ ತಗೊಂಡು ಮೂರು ಚೌಕ ಹಾಕಿದ್ರು. — ಹೀಗೆ. ಮೊದಲನೇದರಲ್ಲಿ ಸೊನ್ನೆ. ಎರಡನೇದರಲ್ಲಿ ಅಡ್ಡಗೀಟು. ಮೂರನೇದು ಖಾಲಿ. "ನೋಡು ತಮ್ಮಾ, ಸೊನ್ನೆ ಅಂದ್ರೆ — ನಾವು ಹೋಗಿ ನೋಡಿದ್ವಿ, ಹುಡುಕಿದ್ವಿ, ಒಂದೂ ಇರಲಿಲ್ಲ. ಅಡ್ಡಗೀಟು ಅಂದ್ರೆ — ಈ ಪ್ರಶ್ನೆ ನಮಗೆ ಸಂಬಂಧವೇ ಇಲ್ಲ. ಖಾಲಿ ಅಂದ್ರೆ — ನಾವು ನೋಡೇ ಇಲ್ಲ. ಈ ಮೂರರಲ್ಲಿ ಖಾಲಿ ಬಿಡೋನು ಸೋಮಾರಿ, ಅವನನ್ನ ಬೈದು ಸರಿ ಮಾಡಬಹುದು. ನೋಡದೇ ಸೊನ್ನೆ ಹಾಕ್ತಾನಲ್ಲ, ಅವನು ಸುಳ್ಳ."

ಅನುಮಾನ ಬಂದ ಚೌಕದ ಪಕ್ಕ ಅವರು ಬರೀತಿದ್ದ ಪ್ರಶ್ನೆ ಒಂದೇ. ಈ ಸಭೆಯಲ್ಲಿರೋ ಕಂಪನಿಯವರಿಗೆಲ್ಲ ಅದು ಬಾಯಿಪಾಠ ಆಗಿರಬೇಕು. "ನೋಡಿ ಬರೆದದ್ದೋ, ಬರೆದು ನೋಡಿದ್ದೋ?" — ಅಷ್ಟೇ. ಎಷ್ಟು ಜನರ ಬೆವರಿಳಿಸಿದೆ ಈ ಒಂದು ಸಾಲು! ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಆಡಿಸ್ತಿದ್ದಾರೆ. ನಿಮಗೆ ಎಷ್ಟು ಸಲ ಬಂದಿತ್ತು ಸ್ವಾಮಿ? — ನಾಲ್ಕಾ? ನೀವು ಪುಣ್ಯವಂತರು.

ನಗಬೇಕು ಅನ್ಸಿದ್ರೆ ನಗಿ. ಅಕ್ಕ ಇದ್ದಿದ್ರೆ ಅವರೇ ಮೊದಲು ನಗ್ತಿದ್ರು. ಒಂದು ಸಲ ಒಂದು ಪೇಂಟ್ ಕಂಪನಿ ವರದಿ ಬಂತು. ಎಲ್ಲಾ ಚೌಕ ಭರ್ತಿ, ಅಚ್ಚುಕಟ್ಟು. ಓದ್ತಾ ಓದ್ತಾ ನಲವತ್ತನೇ ಪುಟದಲ್ಲಿ ಅಕ್ಕ ನಿಂತುಬಿಟ್ರು. ಕನ್ನಡಕದ ಮೇಲಿಂದ ನನ್ನನ್ನ ನೋಡಿದ್ರು — ಆ ನೋಟ ಅವರ ಯಜಮಾನರದ್ದೇ, ಗಡಿಯಾರದ ಒಳಗೆ ನೋಡೋರ ನೋಟ — ನೋಡಿ, ಫೋನ್ ಎತ್ತಿದ್ರು. "ಸಾರ್, ನಿಮ್ಮ ಪೇಂಟ್ ಕಾರ್ಖಾನೆಯಲ್ಲಿ ನಾನೂರ ಇಪ್ಪತ್ತು ಹಾಸಿಗೆ ಇದೆಯಂತೆ. ಯಾರು ಸಾರ್ ಮಲಗೋದು?" ಆ ಕಡೆಯವರು ಯಾವುದೋ ಆಸ್ಪತ್ರೆ ಕಂಪನಿಯ ವರದಿ ತೆರೆದು, ಹೆಸರು ಬದಲಾಯಿಸಿ, ಹಾಸಿಗೆ ಬದಲಾಯಿಸೋದು ಮರೆತಿದ್ರು. ಇದು ನಮ್ಮ ಕಸುಬಿನವರು ಮಾತ್ರ ಮಾಡೋ ತಪ್ಪು. ವರದಿ ಬರೆಯೋದು ಅಂದ್ರೆ ಏನು? ಕಳೆದ ವರ್ಷದ ಕಡತ ತೆರೆಯೋದು, ಇಸವಿ ಬದಲಾಯಿಸೋದು, ಅಂಕಿಗಳನ್ನ ಒಂಚೂರು ಆ ಕಡೆ ಈ ಕಡೆ ತಳ್ಳೋದು. ಹಾಗಂತ ಎಷ್ಟು ಜನ ನಂಬಿದ್ದೀವಿ — ಎಷ್ಟು ಜನ!

ಇನ್ನೊಂದು ಹೇಳ್ತೀನಿ. ಒಂದು ಕಾರ್ಖಾನೆ. ನೀರಿನ ಮೀಟರು. ಪ್ರತಿ ತಿಂಗಳು ಇಷ್ಟಿಷ್ಟು ನೀರು ಅಂತ ಮೀಟರ್ ನೋಡಿ ಬರೆದಿದ್ದೀವಿ ಅಂತ ಸಹಿ, ಮೊಹರು ಎಲ್ಲ ಇದೆ. ಅಕ್ಕ ಹೋಗಿ ಮೀಟರ್ ಮುಂದೆ ಕುಕ್ಕರುಗಾಲಲ್ಲಿ ಕೂತ್ರು. ನಾನೂ ಕೂತೆ. ಗಾಜಿನ ಒಳಗೆ ಒಂದು ಸಣ್ಣ ಜೇಡರ ಬಲೆ. ಮುಳ್ಳಿನಿಂದ ಅಂಚಿಗೆ, ಅಂಚಿನಿಂದ ಮುಳ್ಳಿಗೆ. ಅಕ್ಕ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರಿಗೆ ಎಷ್ಟು ಮೆತ್ತಗೆ ಕೇಳಿದ್ರು ಗೊತ್ತಾ — "ಮುಳ್ಳು ತಿರುಗಿದ್ರೆ ಬಲೆ ಹರಿದುಹೋಗಬೇಕಿತ್ತಲ್ಲಪ್ಪಾ?" ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಹೇಳಿದ್ರು, "ಇದು ನಮ್ಮನೆಯವರು ಹೇಳಿಕೊಟ್ಟಿದ್ದು. ಗಡಿಯಾರ ನಡೀತಿದೆಯಾ ಅಂತ ಮುಳ್ಳು ನೋಡಬಾರದಂತೆ, ಧೂಳು ನೋಡಬೇಕಂತೆ." ಸಾರ್, ನಿಮ್ಮ ಮಾತನ್ನ ಅಕ್ಕ ಹತ್ತು ಕಾರ್ಖಾನೆಯಲ್ಲಿ ಓಡಿಸಿದ್ದಾರೆ. ನಿಮಗೆ ಹೇಳಿರಲಿಕ್ಕಿಲ್ಲ.

ಹಾಗಂತ ಅಕ್ಕ ಬರೀ ತಪ್ಪು ಹುಡುಕೋರು ಅಂದ್ಕೋಬೇಡಿ. ಒಂದು ಸಣ್ಣ ಸಾಬೂನು ಕಂಪನಿ ಒಂದು ವರ್ಷ ಏಳು ಚೌಕ ಖಾಲಿ ಬಿಟ್ಟು, ಕೆಳಗೆ ಬರೆದಿತ್ತು — "ಇವನ್ನು ನಾವು ಈ ವರ್ಷ ಅಳೆದಿಲ್ಲ. ಅಳೆಯಲು ನಮಗೆ ಬರುವುದಿಲ್ಲ. ದಯವಿಟ್ಟು ಹೇಳಿಕೊಡಿ." ಅಕ್ಕ ಆ ಹಾಳೆ ಹಿಡ್ಕೊಂಡು ಎಲ್ಲರ ಮೇಜಿಗೂ ಬಂದು ತೋರಿಸಿದ್ರು. ಮಗಳ ಮಾರ್ಕ್ಸ್ ಕಾರ್ಡ್ ಥರ! "ನೋಡ್ರೋ, ನಿಜ ಬರೆದಿದ್ದಾರೆ, ನಿಜ ಬರೆದಿದ್ದಾರೆ!" ಆಮೇಲೆ ರಜೆ ಹಾಕಿ ಹೋಗಿ ಹೇಳಿಕೊಟ್ಟು ಬಂದ್ರು. ಆ ಕಂಪನಿಗೆ ಆ ವರ್ಷ ಪಟ್ಟಿಯಲ್ಲಿ ಕೊನೆಯ ಸ್ಥಾನ. ಹೌದು, ಅದೂ ಒಂದು ಪಟ್ಟಿ ಬರುತ್ತೆ — ಯಾರು ನಿಯಮ ಎಷ್ಟು ಪಾಲಿಸಿದ್ದಾರೆ ಅಂತ. ತುಂಬಿದ ಚೌಕ ಎಣಿಸಿ ಅಂಕ ಕೊಡ್ತಾರೆ. ಅಕ್ಕನಿಗೆ ಅದನ್ನ ಕಂಡ್ರೆ ಮೈ ಉರೀತಿತ್ತು. "ಎಲ್ಲಾ ಪ್ರಶ್ನೆಗೂ ಏನೋ ಒಂದು ಗೀಚಿದ್ರೆ ಪಾಸ್ ಅಂತೆ!"

ಆ ಪಟ್ಟಿಯಲ್ಲಿ ಕಳೆದ ವರ್ಷ ನೂರಕ್ಕೆ ತೊಂಬತ್ತೆಂಟು ಬಂದಿದ್ದ ಒಂದು ಕಂಪನಿ ಇದೆ. ಬಟ್ಟೆಗೆ ಬಣ್ಣ ಹಾಕೋ ಕಂಪನಿ. ಮೂರು ವರ್ಷದಿಂದ ಅದರ ವರದಿ ನೋಡ್ತಿದ್ದದ್ದು — ನಾನು.

— ಸ್ವಲ್ಪ ನೀರು ಕುಡೀತೀನಿ.

ನಾನು ಏನು ಮಾಡಿದೆ ಅಂತ ಹೇಳ್ತೀನಿ. ಅಲ್ಲಿ ಬಣ್ಣದ ನೀರು ತೊಳೆದು ಶುದ್ಧ ಮಾಡೋ ದೊಡ್ಡ ತೊಟ್ಟಿಗಳಿವೆ. ತೊಟ್ಟಿಗಳ ಮೇಲೆ ನಡೆಯೋಕೆ ಕಬ್ಬಿಣದ ದಾರಿ. ದಾರಿಯ ಎರಡೂ ಕಡೆ ರೇಲಿಂಗು. ವರದಿಯಲ್ಲಿ ಒಂದು ಚೌಕ ಇದೆ — ಸುರಕ್ಷತೆ ತಪಾಸಣೆ ಆದ ಜಾಗಗಳು ನೂರಕ್ಕೆ ಎಷ್ಟು? ಅವರು ಬರೆದಿದ್ರು, ನೂರು. ಆಧಾರಕ್ಕೆ ಒಂದು ಫೋಟೋ ಕಳಿಸಿದ್ರು. ಹೊಸದಾಗಿ ಬಳಿದ ಹಳದಿ ಬಣ್ಣದ ರೇಲಿಂಗು, ಕೆಳಗೆ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟು. ನಾನು ಮೇಜಿನ ಮುಂದೆ ಕೂತು, ಫೋಟೋ ನೋಡಿ, ಟಿಕ್ ಹಾಕಿದೆ. ಮೊದಲನೇ ವರ್ಷ ಟಿಕ್. ಎರಡನೇ ವರ್ಷ ಟಿಕ್. ಮೂರನೇ ವರ್ಷ ಟಿಕ್. ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ. ಹೋಗಬೇಕು ಅಂತ ನಿಯಮ ಹೇಳಲ್ಲ. "ಅಗತ್ಯವಿದ್ದಲ್ಲಿ" ಅಂತ ಹೇಳುತ್ತೆ. ನನಗೆ ಅಗತ್ಯ ಕಾಣಲಿಲ್ಲ.

ಒಂದು ದಿನ ಅಕ್ಕ ಯಾವುದೋ ಹಳೇ ಕಡತ ಹುಡುಕ್ತಾ ನನ್ನ ಮೂರು ವರ್ಷದ ಕಡತ ತೆಗೆದ್ರು. ಮೂರು ಫೋಟೋ ಮೇಜಿನ ಮೇಲೆ ಸಾಲಾಗಿ ಇಟ್ರು. ಇಸ್ಪೀಟು ಜೋಡಿಸೋ ಹಾಗೆ. ಆಮೇಲೆ ನನ್ನನ್ನ ಕರೆದ್ರು. "ಏನೋ ಇದು? ಈ ಬಕೆಟ್ ಮೂರು ವರ್ಷದಿಂದ ಒಂದೇ ಕಡೆ ಕೂತಿದೆಯಲ್ಲೋ? ಹಿಡಿಕೆ ಕೂಡ ಅದೇ ಕಡೆಗೆ ಬಿದ್ದಿದೆ."

ನಾನು ಏನಂದೆ ಗೊತ್ತಾ? — ನಾನು ಅಂದೆ, "ಅದು ಕಾಯಂ ನೌಕರ ಅಕ್ಕಾ. ನಮ್ಮ ಥರ ಅಲ್ಲ, ಅಲುಗಾಡಿಸೋಕಾಗಲ್ಲ."

ಅಕ್ಕ ನಕ್ಕುಬಿಟ್ರು. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಗ್ತಾ ನಗ್ತಾ ಡೈರಿ ತೆಗೆದು ಒಂದು ತಾರೀಕು ಗುರುತು ಹಾಕ್ಕೊಂಡ್ರು. "ಮಂಗಳವಾರ ನಾನು ಹೋಗಿ ನಿನ್ನ ಕಾಯಂ ನೌಕರನನ್ನ ಮಾತಾಡಿಸ್ಕೊಂಡು ಬರ್ತೀನಿ."

ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಮ್ಮ ಆಫೀಸಿಗೆ ಫೋನ್ ಬಂತು. ನಾನೇ ಎತ್ತಿದೆ. "ನಿಮ್ಮ ಆಫೀಸಿನ ಮೇಡಂ ಬಿದ್ದಿದ್ದಾರೆ" ಅಂದ್ರು. ಕಾಲು ಜಾರಿರಬೇಕು, ಮಂಡಿ ತರಚಿರಬೇಕು, ನಾಳೆ ಕುಂಟ್ಕೊಂಡು ಬರ್ತಾರೆ, ರೇಗಿಸಬಹುದು — ನಿಜವಾಗ್ಲೂ ಹಾಗೇ ಅಂದ್ಕೊಂಡೆ. "ಯಾವ ಆಸ್ಪತ್ರೆ?" ಅಂತ ಕೇಳಿದೆ. ಮತ್ತೆ ಕೇಳಿದೆ. ಆಗ ಹೇಳಿದ್ರು. — ನನ್ನ ಕೈಯಲ್ಲಿ ಫೋನು ಹಾಗೇ ಇತ್ತು.

ಆ ಕಂಪನಿಯ ಸೇಫ್ಟಿ ಸೂಪರ್‌ವೈಸರ್ ಇವತ್ತು ಬಂದಿದ್ದಾರೆ. ಬಾಗಿಲ ಹತ್ತಿರ ನಿಂತಿದ್ದಾರೆ. ಒಳಗೆ ಬಂದು ಕೂತ್ಕೊಳ್ಳಿ ಅಣ್ಣಾ. — ಕೂತ್ಕೊಳ್ಳಲ್ಲ ಅಂತಿದ್ದಾರೆ. ಇರಲಿ. ಅಕ್ಕನಿಂದ ನಾಲ್ಕು ಹೆಜ್ಜೆ ಹಿಂದೆ ಇದ್ದೋರು ಇವರು. ಇವರೇ ನನಗೆ ಹೇಳಿದ್ದು. ಅಕ್ಕ ಕಬ್ಬಿಣದ ದಾರಿ ಮೇಲೆ ನಡ್ಕೊಂಡು ಆ ಮೂಲೆ ತನಕ ಹೋದ್ರು. ಕೈಯಲ್ಲಿ ನನ್ನ ಕಡತದ ಫೋಟೋ. ಫೋಟೋ ನೋಡಿದ್ರು, ಮೂಲೆ ನೋಡಿದ್ರು. ತಿರುಗಿ ಕೇಳಿದ್ರಂತೆ — "ಬಕೆಟ್ ಎಲ್ಲಪ್ಪಾ?" ಇವರು, "ಯಾವ ಬಕೆಟ್ ಅಮ್ಮಾ?" ಅಂದ್ರಂತೆ. ಅಕ್ಕ ಒಂದು ಫೋಟೋ ತೆಗೆದ್ರಂತೆ. ಇನ್ನೊಂದು ತೆಗೆಯೋಕೆ ಅಂತ ರೇಲಿಂಗಿಗೆ ಒರಗಿದ್ರಂತೆ.

ಹಳದಿ ಬಣ್ಣ ಗಟ್ಟಿಯಾಗಿತ್ತು. ಒಳಗಿನ ಕಬ್ಬಿಣ ಇರಲಿಲ್ಲ.

ಅವರು ಮೂರು ವರ್ಷವೂ ಕಳಿಸಿದ್ದ ಆ ಒಂದೇ ಫೋಟೋ ರೇಲಿಂಗ್ ಹಾಕಿದ ದಿನ ತೆಗೆದದ್ದಂತೆ. ಹಾಕಿ ಹದಿನಾಲ್ಕು ವರ್ಷ ಆಯ್ತಂತೆ. ಆಮೇಲೆ ಅದನ್ನ ಯಾರೂ ನೋಡಿಲ್ಲ. ಬಣ್ಣ ಬಳಿದಿದ್ದಾರೆ, ನೋಡಿಲ್ಲ. ಬರೆದಿದ್ದಾರೆ, ನೋಡಿಲ್ಲ. ನಾನು ಸಹಿ ಹಾಕಿದ್ದೀನಿ, ನೋಡಿಲ್ಲ. ನೋಡೋಕೆ ಅಂತ ಹೋದ ಒಬ್ಬರೇ ಒಬ್ಬರು — ಅವರೇ ಬಿದ್ರು.

ಅಕ್ಕನ ಫೋನಿನಲ್ಲಿರೋ ಆ ಕೊನೆ ಫೋಟೋ ಅವರ ಮಗಳು ನನಗೆ ತೋರಿಸಿದ್ರು. ಖಾಲಿ ಮೂಲೆ. ಬಕೆಟ್ ಇಲ್ಲ. ತುಕ್ಕು ಹಿಡಿದ ಒಂದು ಬುಡ. ನೆಲದ ಮೇಲೆ ಅಕ್ಕನ ನೆರಳು, ಕೈ ಎತ್ತಿರೋದು. ಅಷ್ಟೇ.

ಅದಾದ ಎರಡು ದಿನಕ್ಕೆ ನಾನು ಅಮ್ಮನ ಹತ್ತಿರ ಹೋಗಿದ್ದೆ. ಅಮ್ಮ ಗೋಡೆಗೆ ಒರಗಿ ಕೂತಿದ್ರು. ನನ್ನನ್ನ ಹತ್ತಿರ ಕರೆದು ಒಂದು ಮಾತು ಕೇಳಿದ್ರು. ಅಮ್ಮಾ, ನೀವು ಕೇಳಿದ್ದು ನಾನು ಎಲ್ಲರ ಮುಂದೆ ಹೇಳ್ತೀನಿ. "ನನ್ನ ಮಗಳು ಇಷ್ಟು ವರ್ಷ ಅವರ ಪುಸ್ತಕ ತಿದ್ದಿದಳಲ್ಲಪ್ಪಾ, ಯಾರು ಸತ್ತರು, ಯಾರಿಗೆ ಪೆಟ್ಟಾಯ್ತು ಅಂತ. ಆ ಪುಸ್ತಕದಲ್ಲಿ ಇವಳದ್ದು ಬರುತ್ತಾ?"

ನಾನು "ಬರುತ್ತಮ್ಮಾ" ಅಂದೆ. ಹಿಂದೆ ಮುಂದೆ ನೋಡದೇ ಅಂದೆ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ! ಒಬ್ಬ ಮನುಷ್ಯೆ ನಿಮ್ಮ ಕಾಂಪೌಂಡಿನ ಒಳಗೆ, ನಿಮ್ಮ ರೇಲಿಂಗ್ ಮುರಿದು, ನಿಮ್ಮ ತೊಟ್ಟಿಯ ಸಿಮೆಂಟಿನ ಅಂಚಿಗೆ ಬಿದ್ದು ಸತ್ತಿದ್ದಾರೆ. ಬರದೇ ಎಲ್ಲಿ ಹೋಗುತ್ತೆ?

ಆ ಬಣ್ಣದ ಕಂಪನಿಯ ವರದಿಯ ವರ್ಷ ಕಳೆದ ತಿಂಗಳ ಕೊನೆಗೆ ಮುಗೀತು. ಅಕ್ಕ ಹೋಗಿದ್ದು ಅದಕ್ಕೆ ಒಂಬತ್ತು ದಿನ ಮುಂಚೆ. ಮೊನ್ನೆ ಶುಕ್ರವಾರ ಆ ಕಂಪನಿಯ ಕರಡು ಪಟ್ಟಿ ನನ್ನ ಮೇಜಿಗೆ ಬಂತು. ಇದೇ. ತಂದಿದ್ದೀನಿ. — ಇಲ್ಲಿ. ಎಪ್ಪತ್ತೊಂದನೇ ಚೌಕ. ಕೆಲಸದ ಜಾಗದಲ್ಲಿ ಆದ ಸಾವು. ನೌಕರರು — ಸೊನ್ನೆ. ಇತರ ಕೆಲಸಗಾರರು — ಸೊನ್ನೆ.

ಸೊನ್ನೆ!

ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಹಳೇ ಹಾಳೆ ಕಳಿಸಿದ್ದಾರೆ ಅಂತ ಇಸವಿ ನೋಡಿದೆ. ಇಸವಿ ಸರಿ ಇದೆ. ವರದಿ ಬರೆಯೋ ಅವರ ಅಧಿಕಾರಿಗೆ ಫೋನ್ ಮಾಡಿದೆ. ಒಳ್ಳೇ ಮನುಷ್ಯ, ನಿಜ ಹೇಳ್ತೀನಿ, ಒರಟಾಗಿ ಒಂದು ಮಾತು ಆಡಲಿಲ್ಲ. "ತುಂಬಾ ಬೇಜಾರಿನ ವಿಷಯ ಸಾರ್, ನಮಗೆಲ್ಲ ಊಟ ಸೇರ್ತಿಲ್ಲ" ಅಂದ್ರು. ಆಮೇಲೆ ಅಂದ್ರು, "ಆದ್ರೆ ಮೇಡಂ ನಮ್ಮ ನೌಕರರಲ್ಲ ಸಾರ್. ಗುತ್ತಿಗೆಯವರೂ ಅಲ್ಲ. ಗೇಟ್ ಪುಸ್ತಕದಲ್ಲಿ ಸಂದರ್ಶಕರು ಅಂತಿದೆ. ಈ ಪಟ್ಟಿಯಲ್ಲಿ ಸಂದರ್ಶಕರಿಗೆ ಚೌಕ ಇಲ್ಲವಲ್ಲ." ಅವರು, "ನಿಮ್ಮ ಆಫೀಸಿನ ವರದಿಯಲ್ಲಿ ಬರಬಹುದಲ್ಲ ಸಾರ್?" ಅಂದ್ರು. ನಮ್ಮದು ಷೇರುಪೇಟೆಯಲ್ಲಿರೋ ಕಂಪನಿ ಅಲ್ಲ. ಎಂಟು ಜನರ ಆಫೀಸು. ನಮಗೆ ವರದಿಯೇ ಇಲ್ಲ.

ಅಂದ್ರೆ ಎಲ್ಲೂ ಇಲ್ಲ. — ನಿಮಗೆ ಅರ್ಥ ಆಯ್ತಾ? ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಸತ್ತಿದ್ದಾರೆ, ಸತ್ತವರ ಲೆಕ್ಕದಲ್ಲಿ ಇಲ್ಲ.

ಫೋನ್ ಇಡೋ ಮುಂಚೆ ಅವರು ಇನ್ನೊಂದು ಮಾತು ಹೇಳಿದ್ರು. ನನಗೆ ಸಮಾಧಾನ ಮಾಡೋಕೆ ಹೇಳಿದ್ದು, ಖಂಡಿತ ಕೆಟ್ಟ ಮನಸ್ಸಿನಿಂದ ಅಲ್ಲ. "ನಿಮಗೆ ಸೊನ್ನೆ ಇಷ್ಟ ಇಲ್ಲ ಅಂದ್ರೆ ಅಡ್ಡಗೀಟು ಹಾಕೋಣ ಸಾರ್. ನಮಗೆ ಸಂಬಂಧ ಇಲ್ಲದ್ದಕ್ಕೆ ಅಡ್ಡಗೀಟು ಅಂತ ಮೇಡಂ ಅವರೇ ನಮಗೆ ಹೇಳಿಕೊಟ್ಟಿದ್ರು."

ಹಾಗಂದ್ರು. ಹಾಗೇ ಅಂದ್ರು! ಅಕ್ಕನ ಪಾಠ, ಅಕ್ಕನ ಮೇಲೇ! ಹದಿನೆಂಟು ವರ್ಷ ಈ ಮಹಾತಾಯಿ ಕಲಿಸಿದ್ದು ಏನನ್ನ, ನಾವೆಲ್ಲ ಕಲಿತದ್ದು ಏನನ್ನ?

ನಾನು ಆ ಅಧಿಕಾರಿಯನ್ನ ಬೈಯೋಕೆ ಇಲ್ಲಿ ನಿಂತಿಲ್ಲ. ಬೈಯೋಕೆ ನನಗೆ ಯಾವ ಮುಖ ಇದೆ? ಅವರು ನಿಯಮ ಮುರಿದಿಲ್ಲ. ನಾನೂ ಮುರಿದಿರಲಿಲ್ಲ. ನಾವು ಯಾರೂ ಏನೂ ಮುರಿದಿಲ್ಲ. ಚೌಕ ಎಲ್ಲ ತುಂಬಿದೆ. ಈ ವರ್ಷವೂ ಅವರಿಗೆ ತೊಂಬತ್ತೆಂಟು ಬರುತ್ತೆ. ತೊಂಬತ್ತೊಂಬತ್ತೂ ಬರಬಹುದು! ರೇಲಿಂಗ್ ಒಂದು ಬಿಟ್ಟು ಏನೂ ಮುರಿದಿಲ್ಲ.

ನಮ್ಮ ಹಿರಿಯರು ಮುಂದೆ ಕೂತಿದ್ದಾರೆ. ಸಾರ್, ನೀವು ಶನಿವಾರ ನನ್ನನ್ನ ಕರೆದು ಹೇಳಿದ್ರಿ, "ಈ ಕಂಪನಿ ಕೆಲಸ ಬಿಟ್ಟುಬಿಡೋಣ, ನಮ್ಮ ಮನಸ್ಸಿಗೆ ಆಗಲ್ಲ." ನಿಮ್ಮ ಮನಸ್ಸು ನನಗೆ ಗೊತ್ತು. ಅಕ್ಕನನ್ನ ಕೆಲಸಕ್ಕೆ ಕರೆತಂದೋರು ನೀವು. ಆದ್ರೆ ನಾವು ಬಿಟ್ರೆ ಈ ಹಾಳೆ ಇನ್ನೊಂದು ಮೇಜಿಗೆ ಹೋಗುತ್ತೆ. ಅಲ್ಲಿ ನನ್ನಂಥೋನು ಒಬ್ಬ ಕೂತಿರ್ತಾನೆ. ಎಪ್ಪತ್ತೊಂದನೇ ಚೌಕ ನೋಡ್ತಾನೆ. ಸೊನ್ನೆ. ಟಿಕ್. — ಮುಗೀತು. ನಾನು ನಿಮಗೆ ಶನಿವಾರ "ಯೋಚನೆ ಮಾಡ್ತೀನಿ" ಅಂದೆ. ಯೋಚನೆ ಮಾಡಿದ್ದೀನಿ ಸಾರ್. ಇದನ್ನ ನಿಮಗೆ ಒಬ್ಬರಿಗೇ ಹೇಳಬೇಕಿತ್ತು, ಆದ್ರೆ ಒಬ್ಬರೇ ಇದ್ದಾಗ ನೀವು ನನ್ನನ್ನ ಒಪ್ಪಿಸಿಬಿಡ್ತೀರಿ. ಅದಕ್ಕೆ ಇಲ್ಲಿ ಹೇಳ್ತಿದ್ದೀನಿ.

ಇವತ್ತು ಬೆಳಗ್ಗೆ ಇಲ್ಲಿಗೆ ಬರೋ ಮುಂಚೆ ನಾನು ಷೇರುಪೇಟೆಯ ಕಂಪನಿಗಳ ಮೇಲೆ ಕಣ್ಣಿಡೋ ನಿಯಂತ್ರಣ ಕಚೇರಿಗೆ ಒಂದು ಕಾಗದ ಕಳಿಸಿದೆ. ಆ ಬಣ್ಣದ ಕಂಪನಿಯ ಸುರಕ್ಷತೆ ಚೌಕಕ್ಕೆ ನಾನು ಮೂರು ವರ್ಷ ಹಾಕಿದ ಟಿಕ್ ನೋಡದೇ ಹಾಕಿದ್ದು ಅಂತ ಬರೆದಿದ್ದೀನಿ. ಮೂರೂ ಫೋಟೋ ಜೊತೆಗಿಟ್ಟಿದ್ದೀನಿ. ನಾಲ್ಕನೇದು, ಅಕ್ಕನದು, ಮಗಳನ್ನ ಕೇಳಿ ಇಟ್ಟಿದ್ದೀನಿ. ಇದಕ್ಕೆ ನನ್ನ ಸಹಿ ಹಾಕೋ ಹಕ್ಕು ಹೋಗಬಹುದು. ಹೋಗಲಿ. ಆ ಹಕ್ಕು ಇಟ್ಕೊಂಡು ನಾನು ಏನು ಮಾಡಿದೆ ಅಂತ ಈಗ ಕೇಳಿದ್ರಲ್ಲ.

ಆದ್ರೆ ಅದು ಹೋಗೋ ತನಕ ಈ ಹಾಳೆ ನನ್ನ ಹತ್ತಿರ ಇದೆ. ನಾಳೆ ಹತ್ತು ಗಂಟೆಗೆ ಇದನ್ನ ವಾಪಸ್ ಕಳಿಸ್ತೀನಿ. ಅವರು ತಿದ್ದಿ ಕಳಿಸಿದ್ರೆ ಸರಿ. ತಿದ್ದದಿದ್ರೆ — ವರದಿಯ ಜೊತೆ ನಮ್ಮ ಒಂದು ಪುಟ ಅಚ್ಚಾಗಲೇಬೇಕು, ಅದನ್ನ ತೆಗೆಯೋಕೆ ಅವರಿಗೆ ಬರಲ್ಲ. ಆ ಪುಟದಲ್ಲಿ ನಾನು ಬರೀತೀನಿ, ಈ ಸೊನ್ನೆಯನ್ನ ನಾವು ಒಪ್ಪಿಲ್ಲ, ಇಲ್ಲಿ ಒಬ್ಬರು ಸತ್ತಿದ್ದಾರೆ, ಅವರು ಹೋಗಿದ್ದೇ ಈ ಪಟ್ಟಿ ನಿಜವಾ ಅಂತ ನೋಡೋಕೆ. ಸಾರ್, ಆ ಪುಟಕ್ಕೆ ನನ್ನ ಸಹಿ ಸಾಲದೇ ಹೋಗಬಹುದು. ನಿಮ್ಮದೂ ಬೇಕಾಗಬಹುದು. ಈಗ ಉತ್ತರ ಹೇಳಬೇಡಿ. — ತಲೆ ಆಡಿಸ್ತಿದ್ದಾರೆ. ಸಾರ್, ಅದು ಹೂಂ ಅಂತಲಾ? — ಹೂಂ ಅಂತೆ.

ಬಾಗಿಲ ಹತ್ತಿರ ನಿಂತಿರೋ ಅಣ್ಣ ಸಭೆ ಶುರುವಾಗೋ ಮುಂಚೆ ನನ್ನ ಕೈಗೆ ಒಂದು ಮಡಿಸಿದ ಕಾಗದ ಕೊಟ್ರು. ನಾನು ಮೆಟ್ಟಿಲ ಮೇಲೇ ನಿಂತು ಓದಿದೆ. ಆ ಕಾರ್ಖಾನೆಯ ಅಪಘಾತ ಪುಸ್ತಕದ ಒಂದು ಪುಟದ ನಕಲು. ಆ ಮಂಗಳವಾರದ್ದು. ಇವರದೇ ಕೈಬರಹ. ಸಾವು — ಒಂದು. ಕಾರಣ — ರೇಲಿಂಗ್ ಬುಡ ತುಕ್ಕು. ಕೊನೆಯಲ್ಲಿ ಒಂದು ಸಾಲು, "ನಾನು ನೋಡಿ ಬರೆದದ್ದು." ಕೆಳಗೆ ಸಹಿ.

ಅಣ್ಣಾ — ಇದು ಹೊರಗೆ ಬಂದ್ರೆ ನಿಮ್ಮ ಕೆಲಸಕ್ಕೆ ಏನಾಗುತ್ತೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಎಲ್ಲರ ಮುಂದೆ ಹೇಳಲಾ ಅಂತ ಕೇಳಿದ್ದೆ. ಹೇಳಿ ಅಂದ್ರಿ. ಅದಕ್ಕೇ ಹೇಳಿದೆ. ದೊಡ್ಡ ಮನುಷ್ಯರು ನೀವು.

ಅಮ್ಮಾ. ನಿಮ್ಮ ಬಲಗಿವಿ ಕಡೆ ಬರ್ತೀನಿ.

ಅಮ್ಮಾ, ನಾನು ಅವತ್ತು ನಿಮಗೆ "ಬರುತ್ತೆ" ಅಂದೆನಲ್ಲ, ಅದು ನೋಡದೇ ಹೇಳಿದ ಮಾತು. ನಾಲ್ಕನೇ ಸಲ ಅದೇ ತಪ್ಪು ಮಾಡಿದೆ. ಈಗ ನೋಡಿದ್ದೀನಿ. ನೋಡಿ ಹೇಳ್ತಿದ್ದೀನಿ. ಇವತ್ತಿನ ದಿನ ಆ ಪುಸ್ತಕದಲ್ಲಿ ನಿಮ್ಮ ಮಗಳದ್ದು ಇಲ್ಲ. ಬರೋ ತನಕ ನಾನು ಕೂತ್ಕೊಳ್ಳಲ್ಲ. ಅಷ್ಟು ಮಾತ್ರ ನಾನು ಹೇಳಬಲ್ಲೆ.

ಈ ಕೆಂಪು ಪೆನ್ನು ಅಕ್ಕನ ಡ್ರಾಯರಿನಲ್ಲಿತ್ತು. ಇನ್ನೂ ಶಾಯಿ ಇದೆ. ಈ ಹಾಳೆಯಲ್ಲಿ ಎರಡನೇ ಸೊನ್ನೆಯ ಪಕ್ಕ ನಾನು ಅವರ ಪ್ರಶ್ನೆ ಬರೀತಿದ್ದೀನಿ. "ನೋಡಿ ಬರೆದದ್ದೋ — ಬರೆದು ನೋಡಿದ್ದೋ?" ಅಕ್ಷರ ಸೊಟ್ಟಗಾಯ್ತು. ಅಕ್ಕ ಬೈತಿದ್ರು. ಸೊನ್ನೆ ಹೊಡೆದುಹಾಕ್ತಿದ್ದೀನಿ. ಅದರ ಮೇಲೆ ಒಂದು ಅಂತ — ಅಮ್ಮಾ, ಇದು ನೀವು ಬರೀತೀರಾ? — ಇಲ್ಲಿ. ನಾನು ಹಾಳೆ ಹಿಡ್ಕೊಂಡಿರ್ತೀನಿ. ಒಂದೇ ಒಂದು ಅಂಕೆ.

—

ಬರೆದ್ರು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮೌನ ಇಷ್ಟೇ ನಿಮಿಷ ಅಂತ ನಾನು ಹೇಳಲ್ಲ, ಯಾರೂ ಗಡಿಯಾರ ನೋಡಬೇಡಿ. ಅಕ್ಕನ ಯಜಮಾನರು ಇದ್ದಾರೆ. ಅವರು ಕೂತಾಗ ನಾವು ಕೂರೋಣ.